ಪ್ಲಾಸ್ಮಾ ಕೊಡದವನ ಅಪ್ಪ ಹಾಕಿದ ಫಾರ್ವರ್ಡ್

ನಮ್ಮ 'ಹಟ್ಟಿಮನೆ ಬಳಗ' ಗುಂಪಿಗೆ ನಾನು ಅಡ್ಮಿನ್, ಹೆಸರಿಗೆ ಮಾತ್ರ. ಭಾನುವಾರದ ಜಗಳವನ್ನ, ಮಧ್ಯೆ ಬಂದ ಶುಭೋದಯದ ಗುಲಾಬಿಗಳನ್ನ ಕಿತ್ತುಹಾಕಿ, ಹೆಸರು ಬದಲಾಯಿಸಿ ಇಲ್ಲಿ ಹಾಕ್ತಿದ್ದೀನಿ. ಶುರು ಮಾಡಿದ್ದು ಶಿವಣ್ಣ ಚಿಕ್ಕಪ್ಪ, ಬೆಳಗ್ಗೆ ವಾಕಿಂಗ್ ಮುಗಿಸಿ ಬಂದವರೇ.

ಶಿವಣ್ಣ ಚಿಕ್ಕಪ್ಪ (ಹಲವು ಬಾರಿ ಫಾರ್ವರ್ಡ್ ಆಗಿದೆ): ಬಯಲಾಯ್ತು ಕೊರೊನಾ ಮೋಸ!! ಪ್ಲಾಸ್ಮಾ, ಎಚ್‌ಸಿಕ್ಯೂ ಅನ್ನೋ ಮಲೇರಿಯಾ ಮಾತ್ರೆ, ರೆಮ್‌ಡೆಸಿವಿರ್ ಇಂಜೆಕ್ಷನ್ ಯಾವುದೂ ಕೆಲಸ ಮಾಡಿಲ್ಲ ಅಂತ ವಿಜ್ಞಾನಿಗಳೇ ಒಪ್ಪಿಕೊಂಡಿದ್ದಾರೆ. ಸ್ಟೀರಾಯ್ಡ್ ತಗೊಂಡವರೇ ಹೆಚ್ಚು ಸತ್ತಿದ್ದು. ಆಸ್ಪತ್ರೆಗೆ ಹೋಗದವರು ಬದುಕಿದರು. ಟಿವಿಯವರು ಇದನ್ನ ತೋರಿಸಲ್ಲ. ಹತ್ತು ಜನಕ್ಕೆ ಕಳಿಸಿ.

ದೊಡ್ಡಪ್ಪ: ನಾನು ಆಗಲೇ ಹೇಳಿದ್ದೆ. ಮೆಣಸು, ಶುಂಠಿ, ಅಮೃತಬಳ್ಳಿ. ಹಿರಿಯರ ಮಾತಿಗೆ ಬೆಲೆ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಈಗಿನವರಿಗೆ ತಾಳ್ಮೆ ಇಲ್ಲ, ನಾಲಿಗೆ ಚಪಲ ಬೇರೆ. 🙏

ಅನು: ಚಿಕ್ಕಪ್ಪಾ, ಯಾವ ವಿಜ್ಞಾನಿಗಳು? ಎಲ್ಲಿ ಒಪ್ಪಿಕೊಂಡ್ರು? ಲಿಂಕ್ ಇದ್ಯಾ?

ಶಿವಣ್ಣ ಚಿಕ್ಕಪ್ಪ: ವಾಕಿಂಗ್ ಗ್ರೂಪಲ್ಲಿ ಬಂತಮ್ಮ. ಹಾಕಿದೋರು ರಿಟೈರ್ಡ್ ಇಂಜಿನಿಯರ್.

ಅನು ದೊಡ್ಡಪ್ಪನ ಮಗಳು, ಕಾಲೇಜಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡ್ತಾಳೆ. ಅವಳು 'ಟೈಪಿಂಗ್' ಅಂತ ತೋರಿಸೋಕೆ ಶುರುವಾದ್ರೆ ಅರ್ಧ ಗುಂಪು ಕಾಫಿಗೆ ಎದ್ದು ಹೋಗುತ್ತೆ.

ಅನು: ನಾಲ್ಕು ಬೇರೆ ಬೇರೆ ವಿಷಯ ಕಲಸಿಟ್ಟಿದ್ದಾರೆ. ಸ್ಟೀರಾಯ್ಡ್ ಮಾತು ಮೊದಲು. ಬ್ರಿಟನ್ನಿನಲ್ಲಿ ಆಕ್ಸ್‌ಫರ್ಡಿನವರು 'ರಿಕವರಿ' ಅಂತ ಒಂದು ಟ್ರಯಲ್, ಅಂದ್ರೆ ರೋಗಿಗಳ ಮೇಲೆ ಔಷಧದ ಪರೀಕ್ಷೆ, ಮಾಡಿದ್ರು. 2020ರ ಜೂನಲ್ಲಿ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡಿನ ಫಲಿತಾಂಶ ಬಂತು. ವೆಂಟಿಲೇಟರ್ ಮೇಲಿದ್ದವರಲ್ಲಿ, ಔಷಧ ಸಿಗದ ನೂರು ಜನರಲ್ಲಿ 28 ದಿನದೊಳಗೆ ಸತ್ತವರು ಸುಮಾರು 41, ಸಿಕ್ಕವರಲ್ಲಿ 29. ಬರೀ ಆಕ್ಸಿಜನ್ ಮೇಲಿದ್ದವರಲ್ಲಿ 26ರಿಂದ 23ಕ್ಕೆ ಇಳೀತು. ಆಕ್ಸಿಜನ್ನೇ ಬೇಡದವರಿಗೆ ಮಾತ್ರ ಏನೂ ಲಾಭ ಇರಲಿಲ್ಲ, ಅಲ್ಲಿ ಸಾವು 14ರ ಬದಲು 18ರ ಹತ್ತಿರ. ಈ ಫಾರ್ವರ್ಡ್ ಬರೆದ ಪುಣ್ಯಾತ್ಮ ಕೊನೇ ಸಾಲು ಮಾತ್ರ ಎತ್ಕೊಂಡಿದ್ದಾನೆ. ಅದೂ ಕಾಸಿಗೆ ಸಿಗೋ ಹಳೇ ಔಷಧ, ಅದರಲ್ಲಿ ಯಾರು ಏನು ಮೋಸ ಮಾಡ್ತಾರೆ?

ರುದ್ರಪ್ಪ ಮಾವ: ನಂಗೂ ಅದನ್ನೇ ಕೊಟ್ಟಿದ್ದು. ಶುಗರ್ 400 ದಾಟಿತ್ತು.

ಅನು: ಹೌದು ಮಾವ, ಶುಗರ್ ಏರಿಸುತ್ತೆ. ಶುಗರ್ ಇದ್ದವರಿಗೆ ಲೆಕ್ಕವಿಲ್ಲದೆ ಕೊಟ್ಟ ಕಡೆ 2021ರಲ್ಲಿ ಬ್ಲ್ಯಾಕ್ ಫಂಗಸ್ ಕಾಟ ಜಾಸ್ತಿಯಾಯ್ತು. ಟ್ರಯಲ್‌ನಲ್ಲಿ ಕೊಟ್ಟಿದ್ದು ದಿನಕ್ಕೆ 6 ಮಿಲಿಗ್ರಾಂ, ಹೆಚ್ಚಂದ್ರೆ ಹತ್ತು ದಿನ. ಜ್ವರ ಬಂದ ಮೊದಲ ದಿನವೇ ಮೆಡಿಕಲ್ ಶಾಪಿಂದ ತಂದು ನುಂಗೋದಲ್ಲ.

ಮಾತು ಇಲ್ಲಿಗೇ ನಿಂತಿದ್ರೆ ಎಲ್ಲರೂ ತಿಂಡಿಗೆ ಹೋಗ್ತಿದ್ವು. ಆದ್ರೆ ಫಾರ್ವರ್ಡಿನ ಮೊದಲ ಪದ ಪ್ಲಾಸ್ಮಾ. ಸರೋಜತ್ತೆ ಓದಿದ್ದು ಅಷ್ಟೇ.

ಸರೋಜತ್ತೆ: ಶಿವು, ಇದನ್ನ ಯಾಕೆ ಹಾಕಿದೀಯ ಅಂತ ನಂಗೆ ಗೊತ್ತು.

ಶಿವಣ್ಣ ಚಿಕ್ಕಪ್ಪ: ಏನಕ್ಕ? ಬಂತು, ಹಾಕ್ದೆ.

ಸರೋಜತ್ತೆ: ನಿನ್ನ ಮಗನ್ನ ಉಳಿಸ್ಕೊಳ್ಳೋಕೆ. ಪ್ಲಾಸ್ಮಾ ಸುಳ್ಳು ಅಂದ್ರೆ ಅವನು ಕೊಡದೇ ಇದ್ದಿದ್ದು ಸರಿ ಅಂತ ಆಗುತ್ತಲ್ಲ.

ಶಿವಣ್ಣ ಚಿಕ್ಕಪ್ಪ: ಅಯ್ಯೋ ಶಿವನೇ! ನಾನು ಪೂರ್ತಿ ಓದೇ ಇಲ್ಲ!

ಇದು ನಿಜ, ಆಣೆ ಮಾಡಿ ಹೇಳಬಲ್ಲೆ. ಗೊತ್ತಿಲ್ಲದವರಿಗೆ ಹಿನ್ನೆಲೆ ಹೇಳ್ಬೇಕು. 2021ರ ಏಪ್ರಿಲಲ್ಲಿ, ಎರಡನೇ ಅಲೆಯಲ್ಲಿ, ಸರೋಜತ್ತೆಯ ಗಂಡ ರುದ್ರಪ್ಪ ಮಾವ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ರು. ಪ್ಲಾಸ್ಮಾ, ಅಂದ್ರೆ ಕೋವಿಡ್ ವಾಸಿಯಾದವರ ರಕ್ತದ ದ್ರವಭಾಗ, ತನ್ನಿ ಅಂದ್ರು. ಶಿವಣ್ಣ ಚಿಕ್ಕಪ್ಪನ ಮಗ ಕಿರಣಂಗೆ ಅದಕ್ಕೆ ಮುಂಚೆ ಕೋವಿಡ್ ಬಂದು ವಾಸಿಯಾಗಿತ್ತು, ಬ್ಲಡ್ ಗ್ರೂಪೂ ಹೊಂದುತ್ತಿತ್ತು. ಬರ್ತೀನಿ ಅಂದವನು ಬರಲಿಲ್ಲ, ಫೋನೂ ಎತ್ತಲಿಲ್ಲ. ಆಮೇಲೆ ಸರೋಜತ್ತೆ ಅವನ ಮಗುವಿನ ನಾಮಕರಣಕ್ಕೆ ಹೋಗಲಿಲ್ಲ. ತಟ್ಟೆ ಉಡುಗೊರೆ ಕಳಿಸಿದ್ರು, ಬೆಳ್ಳಿದಲ್ಲ, ಸ್ಟೀಲಿನದು.

ಸರೋಜತ್ತೆ: ಯಾರೋ ಗುರುತು ಪರಿಚಯ ಇಲ್ಲದ ಹುಡುಗ ಬಂದು ಕೊಟ್ಟ. ಅದ್ರಿಂದ ನಮ್ಮನೆಯವ್ರು ಬದುಕಿದ್ರು. ಯಾವ ವಿಜ್ಞಾನಿ ಬಂದು ಏನೇ ಹೇಳಲಿ.

ದೊಡ್ಡಪ್ಪ: ರಕ್ತ ಸಂಬಂಧ ಎಂಬುದು ಕಷ್ಟದಲ್ಲಿ ತಿಳಿಯುತ್ತದೆ.

ಶಿವಣ್ಣ ಚಿಕ್ಕಪ್ಪ: ಅಣ್ಣ, ನೀವು ಇದ್ರಲ್ಲಿ ಬರಬೇಡಿ. ಅಪ್ಪನ ಆಪರೇಷನ್‌ಗೆ ಯಾರು ಎಷ್ಟು ಕೊಟ್ರು ಅಂತ ನಾನೂ ಬರೀಬೇಕಾಗುತ್ತೆ.

ದೊಡ್ಡಪ್ಪ: (ಈ ಸಂದೇಶವನ್ನು ಅಳಿಸಲಾಗಿದೆ)

ಮಂಜು: ಅಮ್ಮ ಬಿಡಮ್ಮ. ಏನ್ ನೆನಪಾಯ್ತು ಗೊತ್ತಾ? ಮೊದಲ ಲಾಕ್‌ಡೌನಲ್ಲಿ ನೀವೆಲ್ಲ ಹಟ್ಟಿಮನೇಲೇ ಇದ್ರಿ. ಜಗಲಿ ಮೇಲೆ ಚೌಕಾಬಾರ ಆಡೋ ಫೋಟೋ ಕಳಿಸಿದ್ರಿ. ರುದ್ರಪ್ಪ ಅಂಡ್ ಕಂಪನಿ ಹುಣಸೆ ಬೀಜ ತೇಯ್ದು ಕವಡೆ ಮಾಡಿದ್ರಲ್ಲ 😂

ಸರೋಜತ್ತೆ: ನೀನು ಸುಮ್ನಿರು. ನೀನು ದುಬೈಯಿಂದ ಬಂದಿದ್ರೆ ನಾನು ಇನ್ನೊಬ್ಬರ ಮಗನ ಮುಂದೆ ಕೈ ಚಾಚಬೇಕಾಗಿತ್ತಾ?

ಮಂಜು: ಅಮ್ಮಾ, ಆಗ ಇಂಡಿಯಾಗೆ ಬಂದ್ರೆ ವಾಪಸ್ ಬಿಡ್ತಿರಲಿಲ್ಲ. ಕೆಲಸ ಹೋಗ್ತಿತ್ತು.

ಮಂಜು ಆಮೇಲೆ ಆ ಫೋಟೋ ಹುಡುಕಿ ಹಾಕ್ದ. ಚೌಕಾಬಾರದ ಮನೆಗಳನ್ನ ಸೀಮೆಸುಣ್ಣದಲ್ಲಿ ಎಳೆದಿದ್ದು, ಒಂದು ಮೂಲೇಲಿ ಮಾವನ ಮಂಡಿ. ಹನ್ನೊಂದು ಜನ ಹಾರ್ಟ್ ಕೊಟ್ರು. ಅನು ಮಾತ್ರ ಫೋಟೋ ಕಡೆ ನೋಡಲೇ ಇಲ್ಲ.

ಅನು: ಅತ್ತೆ, ಬೇಜಾರು ಮಾಡ್ಕೋಬೇಡಿ. ಮಾವ ಬದುಕಿದ್ದು ನಮ್ಮೆಲ್ಲರ ಪುಣ್ಯ. ಆದ್ರೆ ಪ್ಲಾಸ್ಮಾದಿಂದ ಅಂತ ಹೇಳೋಕಾಗಲ್ಲ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರೇ 2020ರಲ್ಲಿ 39 ಆಸ್ಪತ್ರೆಗಳಲ್ಲಿ 464 ಜನರ ಮೇಲೆ 'ಪ್ಲಾಸಿಡ್' ಅಂತ ಟ್ರಯಲ್ ಮಾಡಿದ್ರು. ಚೀಟಿ ಎತ್ತಿದ ಹಾಗೆ, ಯಾರಿಗೆ ಪ್ಲಾಸ್ಮಾ, ಯಾರಿಗೆ ಮಾಮೂಲಿ ಚಿಕಿತ್ಸೆ ಅಂತ. ಡಾಕ್ಟರ್ ಇಷ್ಟ ಅಲ್ಲ, ಮನೆಯವರ ವಶೀಲಿ ಅಲ್ಲ. ಪ್ಲಾಸ್ಮಾ ಸಿಕ್ಕವರಲ್ಲಿ 34 ಜನ ತೀರಿಕೊಂಡ್ರು, ಸಿಗದವರಲ್ಲಿ 31. ವ್ಯತ್ಯಾಸ ಇಲ್ಲ ಅಂತಲೇ ಅರ್ಥ. ಅಂದ್ರೆ ಪ್ಲಾಸ್ಮಾ ಇಲ್ಲದೇ ಬದುಕಿದವರೂ ಅಷ್ಟೇ ಜನ. ಒಬ್ಬ ಮನುಷ್ಯನ್ನ ನೋಡಿ ಇದು ಗೊತ್ತಾಗಲ್ಲ, ಪಕ್ಕದಲ್ಲಿ ಇನ್ನೊಂದು ಗುಂಪು ಇರಲೇಬೇಕು.

ಸರೋಜತ್ತೆ: ನನಗೆ ಇರೋದು ಒಬ್ಬ ಗಂಡ. ಇನ್ನೊಂದು ಗುಂಪು ಎಲ್ಲಿಂದ ತರಲಿ?

ಈ ಮಾತಿಗೆ ಅನು ಹತ್ರ ಉತ್ತರ ಇರಲಿಲ್ಲ. ಸ್ಟ್ಯಾಟಿಸ್ಟಿಕ್ಸ್ ಹತ್ರವೂ ಇಲ್ಲ ಅನ್ಸುತ್ತೆ. ಅಷ್ಟರಲ್ಲಿ ಕಿರಣನ ಹೆಂಡತಿ ರಮ್ಯಾ ಬಂದ್ಲು.

ರಮ್ಯಾ: ಅನು ಅಕ್ಕ, ಆ ಟ್ರಯಲ್ ಫಲಿತಾಂಶ ಯಾವಾಗ ಬಂದಿದ್ದು?

ಅನು: 2020ರ ಅಕ್ಟೋಬರ್. ಬ್ರಿಟಿಷ್ ಮೆಡಿಕಲ್ ಜರ್ನಲಲ್ಲಿ.

ರಮ್ಯಾ: ಅಂದ್ರೆ ಮಾವ ಆಸ್ಪತ್ರೆ ಸೇರೋಕೆ ಆರು ತಿಂಗಳು ಮುಂಚೆನೇ. ನೋಡಿದ್ರಾ ಅತ್ತೆ? ಉಪಯೋಗ ಇಲ್ಲದ್ದನ್ನ ಕೊಡಲಿಲ್ಲ ಅಂತ ನಮ್ಮನೆಯವರನ್ನ ಇಷ್ಟು ವರ್ಷ ಕಟಕಟೇಲಿ ನಿಲ್ಸಿದೀರ. ಮದುವೆ ಮನೇಲಿ ನಾಲ್ಕು ಜನರ ಮುಂದೆ 'ಪ್ಲಾಸ್ಮಾ ಕೊಡದವನು' ಅಂದಿದ್ರಿ. ನಂಗೆ ಇನ್ನೂ ನೆನಪಿದೆ.

ಅನು: ರಮ್ಯಾ, ಒಂದ್ನಿಮಿಷ. ಸರ್ಕಾರದ ಚಿಕಿತ್ಸಾ ಮಾರ್ಗಸೂಚಿಯಿಂದ ಪ್ಲಾಸ್ಮಾ ತೆಗೆದಿದ್ದು 2021ರ ಮೇ 17ಕ್ಕೆ. ಏಪ್ರಿಲಲ್ಲಿ ಡಾಕ್ಟರ್ ಕೇಳಿದ್ದು ನಿಯಮ ಮೀರಿ ಏನಲ್ಲ. ಅತ್ತೆ ಹುಡುಕಿದ್ದೂ ತಪ್ಪಲ್ಲ.

ಸರೋಜತ್ತೆ: ನೋಡಿದ್ಯಾ! ಅನುನೇ ಹೇಳಿದ್ಲು.

ರಮ್ಯಾ: ಅನು ಅಕ್ಕ ಇಬ್ಬರ ಕಡೆಗೂ ಹೇಳ್ತಾರೆ. ಯಾವಾಗ್ಲೂ ಅಷ್ಟೇ. ಸೈಟಿನ ವಿಷಯದಲ್ಲೂ ಹೀಗೇ ಮಾಡಿದ್ರು.

ಅನು: ಸೈಟ್ ಇಲ್ಲೆಲ್ಲಿ ಬಂತು??

ಸೈಟಿನ ಮೂವತ್ತು ಮೆಸೇಜ್ ಇಲ್ಲಿ ಬೇಡ. ಅದರ ನಡುವೆ ದೊಡ್ಡಪ್ಪ ಕಷಾಯದ ಅಳತೆ ಹಾಕಿದ್ರು, ಯಾರೂ ಕೇಳಿರಲಿಲ್ಲ. ಅನು ಪಾಪ ಎಚ್‌ಸಿಕ್ಯೂ ಬಗ್ಗೆಯೂ ಬರೆದ್ಲು: ರಿಕವರಿಯಲ್ಲೂ ಅದು ಸೋತಿತು, ವಿಶ್ವ ಆರೋಗ್ಯ ಸಂಸ್ಥೆಯ 'ಸಾಲಿಡಾರಿಟಿ'ಯಲ್ಲೂ ಸೋತಿತು, ಹಾಗಾಗಿ ಫಾರ್ವರ್ಡಲ್ಲಿ ಆ ಮಾತೂ ಸರಿ ಅಂತ. ರೆಮ್‌ಡೆಸಿವಿರ್‌ಗೆ ಜನ ಬ್ಲ್ಯಾಕಲ್ಲಿ ಸಾವಿರಗಟ್ಟಲೆ ಸುರಿದ್ರು, ಸಾವು ತಡೆಯೋದ್ರಲ್ಲಿ ಅದರ ಲಾಭ ಹೆಚ್ಚಂದ್ರೆ ಅಲ್ಪಸ್ವಲ್ಪ ಅಂತಾನೂ ಬರೆದ್ಲು. ಒಂದು ಥಂಬ್ಸ್ ಅಪ್ಪೂ ಬರಲಿಲ್ಲ. ನಾನೂ ಕೊಡಲಿಲ್ಲ, ಕೊಟ್ರೆ ಯಾವ ಕಡೆ ಅಂತ ಆಗಿಬಿಡುತ್ತೆ.

ಮಧ್ಯಾಹ್ನ ಕಿರಣ ಬಂದ. ಈ ಗುಂಪಲ್ಲಿ ಅವನು ಹುಟ್ಟುಹಬ್ಬಕ್ಕೆ ಬಿಟ್ರೆ ಬರೆಯೋನಲ್ಲ.

ಕಿರಣ: ರಮ್ಯಾ, ಸಾಕು. ಅನು, ನನ್ನ ಪರವಾಗಿ ಟ್ರಯಲ್ ಎಲ್ಲ ಬೇಡ. ಅದನ್ನ ಓದಿ ಲೆಕ್ಕ ಹಾಕಿ ನಾನು ಬಿಟ್ಟಿದ್ದಲ್ಲ. ಆಸ್ಪತ್ರೆ ಗೇಟಿನ ತನಕ ಬಂದಿದ್ದೆ ಅತ್ತೆ. ಹೊರಗೆ ಆಂಬುಲೆನ್ಸ್ ಸಾಲು ನಿಂತಿತ್ತು, ಒಂದರ ಹಿಂಬಾಗಿಲು ತೆಗೆದಿತ್ತು. ಒಳಗೆ ಒಬ್ಬರು ಕೂತುಕೊಂಡೇ ಉಸಿರಿಗೆ ಒದ್ದಾಡ್ತಿದ್ರು. ಬೈಕ್ ಆಫ್ ಕೂಡ ಮಾಡದೆ ವಾಪಸ್ ತಿರುಗಿಸಿದೆ. ಹೆದರಿಕೆ, ಅಷ್ಟೇ.

ಐದು ನಿಮಿಷ ಯಾರೂ ಏನೂ ಬರೀಲಿಲ್ಲ. ಸರೋಜತ್ತೆ 'ಟೈಪಿಂಗ್' ಅಂತ ಬರೋದು, ನಿಲ್ಲೋದು.

ಸರೋಜತ್ತೆ: ಅವತ್ತೇ ಫೋನ್ ಎತ್ತಿ ಹೆದರಿಕೆ ಆಯ್ತತ್ತೆ ಅನ್ನೋಕೆ ಏನಾಗಿತ್ತೋ ನಿಂಗೆ? ನಾನೂ ಹೆದರಿದ್ದೆ.

ದೊಡ್ಡಪ್ಪ: ಸತ್ಯವನ್ನೇ ನುಡಿಯಬೇಕು ಎಂದು ಶಾಲೆಯಲ್ಲಿ ನಾನು ನಲವತ್ತು ವರ್ಷ ಹೇಳಿಕೊಟ್ಟೆ.

ಮಂಜು: ದೊಡ್ಡ ಮಾವ, ನೀವು ಅಳಿಸಿದ ಮೆಸೇಜ್ ಏನದು? 😄

ರುದ್ರಪ್ಪ ಮಾವ: ಕಿರಣ, ತಿಪಟೂರಲ್ಲಿ ಕೊಬ್ಬರಿ ರೇಟ್ ಎಷ್ಟಾಯ್ತು ನೋಡಿ ಹೇಳಪ್ಪ. ಈ ಸಲ ಮಾರೋಣ ಅಂತಿದೀನಿ.

ಕಿರಣ: ನಾಳೆ ಮಾರ್ಕೆಟಿಗೆ ಹೋಗ್ತೀನಿ ಮಾವ, ಕೇಳಿ ಹೇಳ್ತೀನಿ.

ಶಿವಣ್ಣ ಚಿಕ್ಕಪ್ಪ: ಅನು, ಕೊನೆಗೆ ಆ ಮೆಸೇಜ್ ನಿಜಾನೋ ಸುಳ್ಳೋ? ಒಂದೇ ಮಾತಲ್ಲಿ ಹೇಳು.

ಅನು: ಒಂದೇ ಮಾತಲ್ಲಿ ಆಗಲ್ಲ ಚಿಕ್ಕಪ್ಪ. ಪ್ಲಾಸ್ಮಾ, ಎಚ್‌ಸಿಕ್ಯೂ ಮಾತು ಸರಿ. ಸ್ಟೀರಾಯ್ಡ್ ಮಾತು ತಲೆಕೆಳಗು. ಆಸ್ಪತ್ರೆಗೆ ಹೋಗಬೇಡಿ ಅನ್ನೋದು ಶುದ್ಧ ಅಪಾಯ. ದಯವಿಟ್ಟು ಬೇರೆ ಯಾರಿಗೂ ಕಳಿಸಬೇಡಿ.

ಶಿವಣ್ಣ ಚಿಕ್ಕಪ್ಪ: ಬೆಳಗ್ಗೆನೇ ಎಲ್ಲಾ ಗ್ರೂಪಿಗೂ ಹೋಗಾಯ್ತಲ್ಲಮ್ಮ. ಈಗ ನೀನು ಬರೆದಿದ್ದನ್ನೂ ಕಳಿಸ್ಲಾ? ಸ್ವಲ್ಪ ಚಿಕ್ಕದಾಗಿ ಬರ್ಕೊಡು, ಉದ್ದ ಇದ್ರೆ ಯಾರೂ ಓದಲ್ಲ.