ಯೂರೋಕಾ ಬಯಲಿನಲ್ಲಿ ಕಾಂಗರೂ ನೋಡುವುದು ಹೇಗೆ? ಹೋಗಿ ಬಂದವರ ಅನುಭವ

ಸಿಡ್ನಿಯಿಂದ ಪ್ರಶ್ನೆ:
ನಾವಿಲ್ಲಿಗೆ ಬಂದು ಎರಡು ವರ್ಷವಾಯಿತು, ಮೃಗಾಲಯದ ಹೊರಗೆ ಇನ್ನೂ ಒಂದು ಕಾಂಗರೂವನ್ನೂ ಕಂಡಿಲ್ಲ. ಏಪ್ರಿಲ್ ರಜೆಗೆ ತೀರ್ಥಹಳ್ಳಿಯಿಂದ ಅತ್ತೆ, ಮಾವ ಬರುತ್ತಿದ್ದಾರೆ. ಮಕ್ಕಳಿಗೆ ಆರು ಮತ್ತು ಒಂಬತ್ತು ವರ್ಷ. ಬ್ಲೂ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದಲ್ಲಿ, ಗ್ಲೆನ್‌ಬ್ರೂಕ್ ಹತ್ತಿರದ ಯೂರೋಕಾದಲ್ಲಿ ಒಂದು ರಾತ್ರಿ ಡೇರೆ ಹಾಕುವ ಯೋಚನೆಯಿದೆ. ಪ್ರಾಣಿಗಳು ನಿಜವಾಗಿಯೂ ಕಾಣಿಸುತ್ತವೆಯೇ? ಏನೇನು ನೋಡಿಕೊಳ್ಳಬೇಕು?

ಪೆನ್ರಿತ್‌ನಿಂದ:
ಖಂಡಿತ ಹೋಗಿ. ನಾವು ನಾಲ್ಕು ಸಲ ಹೋಗಿದ್ದೇವೆ, ಒಮ್ಮೆಯೂ ಕಾಂಗರೂ ಕಾಣದೆ ಹಿಂದಿರುಗಿಲ್ಲ. ಸುತ್ತಲೂ ಮರಳುಗಲ್ಲಿನ ಬಡಕಲು ಮಣ್ಣು, ನಡುವೆ ಇದೊಂದೇ ಹಸಿರು ಬಟ್ಟಲು. ಕೋಟ್ಯಂತರ ವರ್ಷಗಳ ಹಿಂದೆ ಇದು ಜ್ವಾಲಾಮುಖಿಯ ಬಾಯಿಯಾಗಿತ್ತು. ಆ ಜ್ವಾಲಾಮುಖಿಯ ಕಲ್ಲು ಸವೆದು ಆದ ಮಣ್ಣು ಫಲವತ್ತಾದ್ದರಿಂದ ಹುಲ್ಲು ಚೆನ್ನಾಗಿ ಬೆಳೆಯುತ್ತದೆ, ಹುಲ್ಲಿಗಾಗಿ ಬೂದು ಕಾಂಗರೂಗಳು ಬರುತ್ತವೆ.

ಮೊದಲ ಸಲ ನಾವು ಮಾಡಿದ ತಪ್ಪೆಂದರೆ ಮಧ್ಯಾಹ್ನ ತಲುಪಿ, ಅವುಗಳನ್ನು ಹುಡುಕಿಕೊಂಡು ಬಯಲೆಲ್ಲ ಅಲೆದದ್ದು. ಬಿಸಿಲಿನ ಹೊತ್ತಿನಲ್ಲಿ ಅವು ಮರದ ನೆರಳಿನಲ್ಲಿ ಮಲಗಿರುತ್ತವೆ. ನಾವು ಹತ್ತಿರ ಹೋದಷ್ಟೂ ಎದ್ದು ದೂರ ಸರಿದವು. ಮರುಸಲ ನನ್ನ ಅಪ್ಪ ಜೊತೆಗಿದ್ದರು. ಅಡಿಕೆ ತೋಟದಲ್ಲಿ ಮಂಗ ಕಾದ ಮನುಷ್ಯ. "ನೀವು ಸುಮ್ಮನೆ ಕುಳಿತುಕೊಳ್ಳಿ, ಅವೇ ಬರುತ್ತವೆ" ಎಂದು ಒಂದು ಮರಕ್ಕೆ ಬೆನ್ನು ಕೊಟ್ಟು ಕುಳಿತರು. ನಾಲ್ಕೂವರೆಗೆ ಕುಳಿತ ನಾವು ಐದು ಗಂಟೆಯ ಹೊತ್ತಿಗೆ ಹಿಂಡಿನ ನಡುವೆಯೇ ಇದ್ದೆವು.

ಜಿಗಿಯುವ ಕಾಂಗರೂವನ್ನು ಎಲ್ಲರೂ ಚಿತ್ರದಲ್ಲಿ ನೋಡಿರುತ್ತಾರೆ. ಮೇಯುವ ಕಾಂಗರೂವಿನ ನಡಿಗೆಯನ್ನು ಮಕ್ಕಳಿಗೆ ತೋರಿಸಿ. ಮುಂಗಾಲೆರಡನ್ನೂ ಬಾಲವನ್ನೂ ನೆಲಕ್ಕೆ ಊರಿ, ಮೈಭಾರವನ್ನೆಲ್ಲ ಅವುಗಳ ಮೇಲೆ ಹಾಕಿ, ಹಿಂಗಾಲುಗಳನ್ನು ಒಟ್ಟಿಗೆ ಎತ್ತಿ ಮುಂದಿಡುತ್ತದೆ. "ಅದಕ್ಕೆ ಐದು ಕಾಲು!" ಎಂದಳು ನನ್ನ ಮಗಳು. ಅವಳು ಹೇಳಿದ್ದು ಸರಿಯೇ, ಆ ಬಾಲ ನಿಜವಾಗಿಯೂ ಕಾಲಿನ ಕೆಲಸವನ್ನೇ ಮಾಡುತ್ತದೆ. ಅದೇ ಸಂಜೆ ಒಂದು ತಾಯಿ ಬಗ್ಗಿ ಹುಲ್ಲು ಕಚ್ಚುತ್ತಿದ್ದಾಗ ಚೀಲದಿಂದ ಮರಿಯೂ ಕತ್ತು ಚಾಚಿ ಅದೇ ಹುಲ್ಲಿಗೆ ಬಾಯಿ ಹಾಕಿತು. ಹುಲ್ಲು ಕಿತ್ತುಬರುವ ಚರಚರ ಸದ್ದು ನಮಗೆ ಕೇಳುತ್ತಿತ್ತು. ಅಪ್ಪ ಊರಿಗೆ ಹೋದ ಮೇಲೂ ಫೋನಿನಲ್ಲಿ ಅದನ್ನೇ ಕೇಳುತ್ತಾರೆ, "ಆ ಮರಿ ಈಗ ದೊಡ್ಡದಾಗಿರಬೇಕು, ಅಲ್ಲವೇ?"

ಏನನ್ನೂ ತಿನ್ನಿಸಬೇಡಿ. ಈ ಒಂದು ಮಾತನ್ನು ನಾನು ಕೈಮುಗಿದು ಹೇಳುತ್ತೇನೆ. ಬ್ರೆಡ್ಡು, ಚಪಾತಿಯಂಥ ಮೆತ್ತನೆಯ ತಿನಿಸಿನಿಂದ ಅವುಗಳ ವಸಡು, ದವಡೆಗೆ ಸೋಂಕು ತಗಲಿ ಬಾವು ಬರುತ್ತದೆ, ಕೊನೆಗೆ ಮೇಯಲಾಗದೆ ಸಾಯುತ್ತವೆ. ಕೈಯಿಂದ ತಿಂದು ರೂಢಿಯಾದದ್ದು ಮುಂದೆ ಬರುವ ಮಕ್ಕಳ ಮೈಮೇಲೆ ಏರಿ ಹೋಗುತ್ತದೆ. ದೊಡ್ಡ ಗಂಡು ಅರವತ್ತು ಕಿಲೋಗಿಂತ ಹೆಚ್ಚು ತೂಗಬಲ್ಲದು. ಅದು ಎದೆ ಕೆರೆದುಕೊಳ್ಳುತ್ತಾ ನೆಟ್ಟಗೆ ನಿಂತು ನಿಮ್ಮ ಕಡೆ ನೋಡಿದರೆ ಓಡಬೇಡಿ. ಮೈ ಕುಗ್ಗಿಸಿ, ನಿಧಾನವಾಗಿ ಹಿಂದೆ ಸರಿಯಿರಿ.

ಇನ್ನು ವ್ಯವಸ್ಥೆಯ ವಿಷಯ. ಡೇರೆಯ ಜಾಗ ಮೊದಲೇ ಕಾಯ್ದಿರಿಸಿ. ಕುಡಿಯುವ ನೀರು ಅಲ್ಲಿಲ್ಲ, ಪೂರ್ತಿ ಒಯ್ಯಬೇಕು. ಸಂಜೆ ಉದ್ಯಾನದ ಗೇಟು ಮುಚ್ಚುತ್ತಾರೆ. ಜೋರು ಮಳೆ ಬಂದರೆ ಹಳ್ಳದ ದಾಟುದಾರಿಯೂ ಮುಚ್ಚುತ್ತದೆ, ಹೊರಡುವ ದಿನ ವಿಚಾರಿಸಿಕೊಳ್ಳಿ. ಏಪ್ರಿಲ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದರಿಂದ ಆ ತಿಂಗಳ ನಡುವೆ ಐದೂವರೆಗೇ ಸೂರ್ಯ ಮುಳುಗುತ್ತಾನೆ, ಮೂರು ಗಂಟೆಯೊಳಗೆ ತಲುಪಿದರೆ ಒಳ್ಳೆಯದು.

ಬ್ಲ್ಯಾಕ್‌ಟೌನ್‌ನಿಂದ:
ಬೆಳಗಿನ ಜಾವವನ್ನು ತಪ್ಪಿಸಿಕೊಳ್ಳಬೇಡಿ. ಇನ್ನೂ ಕತ್ತಲಿರುವಾಗಲೇ ಒಂದು ಕೂಕಬರ್ರ ಹಕ್ಕಿ ಕೂಗು ತೆಗೆಯುತ್ತದೆ, ಅದರ ಮನೆಮಂದಿಯೆಲ್ಲ ದನಿಗೂಡಿಸುತ್ತವೆ. ನಗುವಿನಂತೆ ಕೇಳಿದರೂ ಅದು "ಈ ಜಾಗ ನಮ್ಮದು" ಎಂಬ ಸಾರುವಿಕೆ. ನಮ್ಮ ಕೆರೆ ದಂಡೆಯ ಮಿಂಚುಳ್ಳಿಯ ಕುಲದ್ದೇ ಹಕ್ಕಿ, ಆ ಕುಲದಲ್ಲೇ ಅತಿ ಭಾರದ್ದು. ನಿಮ್ಮ ಮಾವನವರು ಕೊಕ್ಕು ನೋಡಿದೊಡನೆ ಗುರುತಿಸುತ್ತಾರೆ. ಆದರೆ ತಟ್ಟೆಯ ಮೇಲೆ ಕಣ್ಣಿರಲಿ, ಕೈಯಲ್ಲಿದ್ದ ತುಂಡನ್ನು ಹಾರಿ ಬಂದು ಎಗರಿಸಿಕೊಂಡು ಹೋಗುತ್ತದೆ. ರಾತ್ರಿ ಪಾಸಮ್‌ಗಳ ಸರದಿ, ಮರದ ಮೇಲೆ ಬದುಕುವ, ಹೊಟ್ಟೆಯಲ್ಲಿ ಚೀಲವಿರುವ ಪ್ರಾಣಿಗಳು ಅವು. ತಿನಿಸನ್ನೆಲ್ಲ ಕಾರಿನೊಳಗಿಟ್ಟು ಬಾಗಿಲು ಹಾಕಿ. ಟಾರ್ಚಿನ ಗಾಜಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿದರೆ ಅವುಗಳ ಕಣ್ಣು ಕುಕ್ಕುವುದಿಲ್ಲ, ಹೆಚ್ಚು ಹೊತ್ತು ನಿಂತು ನೋಡಬಹುದು.

ತೀರ್ಥಹಳ್ಳಿಯವರಿಗೆ ಉಣುಗಿನ ಬಗ್ಗೆ ಹೇಳಿಕೊಡಬೇಕಾಗಿಲ್ಲ, ಮಂಗನ ಕಾಯಿಲೆ ಕಂಡ ಸೀಮೆ ಅದು. ಇಲ್ಲಿನ ಉಣುಗು ಬೇರೆ ಜಾತಿ. ಕೆಲವರಿಗೆ ಅದರಿಂದ ತೀವ್ರ ಅಲರ್ಜಿಯಾಗುತ್ತದೆ. ಉಗುರಿನಿಂದ ಹಿಂಡಿ ಕೀಳಬೇಡಿ. ಅದನ್ನು ಹೆಪ್ಪುಗಟ್ಟಿಸಿ ಕೊಲ್ಲುವ ಸ್ಪ್ರೇ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಒಂದು ಡಬ್ಬಿ ಇಟ್ಟುಕೊಂಡಿರಿ.

ಕ್ಯಾನ್‌ಬೆರಾದಿಂದ:
ವೊಂಬ್ಯಾಟ್ (ಬಿಲ ತೋಡಿ ಬದುಕುವ, ಗಿಡ್ಡ ಕಾಲಿನ ದುಂಡು ಪ್ರಾಣಿ) ನೋಡುವ ಆಸೆಯಿದ್ದರೆ ಇನ್ನೊಮ್ಮೆ ಕಾಂಗರೂ ವ್ಯಾಲಿಯ ಬೆಂಡೀಲಾಕ್ಕೆ ಹೋಗಿ. ಕತ್ತಲಾಗುತ್ತಲೇ ಡೇರೆಗಳ ಪಕ್ಕದಲ್ಲೇ ಮೇಯುತ್ತವೆ. ಅವುಗಳ ಹಿಕ್ಕೆ ಚೌಕಾಕಾರ, ಮೈಸೂರುಪಾಕಿನ ತುಂಡಿನಂತೆ. ಮಕ್ಕಳು ಅದನ್ನು ಹುಡುಕುವುದರಲ್ಲೇ ಅರ್ಧ ದಿನ ಕಳೆದರು.

ಹಿಂದಿರುಗುವಾಗ ಮುಸ್ಸಂಜೆಯಲ್ಲಿ ಕಾರನ್ನು ನಿಧಾನವಾಗಿ ಓಡಿಸಿ. ಕಳೆದ ವರ್ಷ ರಸ್ತೆ ಬದಿಯಲ್ಲಿ ಸತ್ತುಬಿದ್ದ ಕಾಂಗರೂ ಕಂಡು ನಿಲ್ಲಿಸಿದೆವು. ಚೀಲ ಮಿಸುಕುತ್ತಿತ್ತು. ಮರಿ ಮೊಲೆತೊಟ್ಟನ್ನು ಕಚ್ಚಿಕೊಂಡೇ ಇತ್ತು. ವನ್ಯಜೀವಿ ರಕ್ಷಣೆಯ ವೈರ್ಸ್ ಸಂಸ್ಥೆಗೆ (1300 094 737) ಕರೆ ಮಾಡಿದೆವು. ಕಿತ್ತೆಳೆಯಬೇಡಿ, ಹಸುವಿನ ಹಾಲು ಕೊಡಬೇಡಿ, ತಾಯಿಯನ್ನೂ ಮರಿಯನ್ನೂ ಬೆಚ್ಚಗೆ ಮುಚ್ಚಿಟ್ಟು ಕಾಯಿರಿ ಎಂದರು. ನನ್ನ ಹೆಂಡತಿ ತನ್ನ ಶಾಲು ಹೊದೆಸಿ ಪಕ್ಕದಲ್ಲೇ ಕುಳಿತಳು. ಮುಕ್ಕಾಲು ಗಂಟೆಯಲ್ಲಿ ಸ್ವಯಂಸೇವಕಿಯೊಬ್ಬರು ಬಂದು ಮರಿಯನ್ನು ಹತ್ತಿಬಟ್ಟೆಯ ಚೀಲದಲ್ಲಿಟ್ಟು ಎದೆಗೆ ಕಟ್ಟಿಕೊಂಡು ಹೋದರು. ಆ ಸಂಖ್ಯೆಯನ್ನು ಹೊರಡುವ ಮೊದಲೇ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಕಾಡಿನ ದಾರಿಯಲ್ಲಿ ಹುಡುಕಲು ನೆಟ್‌ವರ್ಕ್ ಸಿಗದಿರಬಹುದು.