ಕಂಪ್ಯೂಟರಿಗೆ ‘ಒಗ್ಗು’, ‘ದಕ್ಕು’ ಅಂದರೆ ಸರಿ ಕೇಳುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಕಂಪ್ಯಾಟಿಬಲ್ (ಒಂದರ ಜೊತೆ ಇನ್ನೊಂದು ಕೂಡಿ ಓಡುವಂಥದ್ದು) ಮತ್ತು ಆಕ್ಸೆಸಿಬಲ್ (ಕಣ್ಣು ಕಾಣದವರೂ ಸೇರಿ ಎಲ್ಲರೂ ಬಳಸಲು ಆಗುವಂಥದ್ದು), ಈ ಎರಡಕ್ಕೆ ಕನ್ನಡ ಪದ ಹುಡುಕುತ್ತಿದ್ದೇನೆ. ಪದಕೋಶದಲ್ಲಿರುವ ಪದ ಅಲ್ಲ, ಬಳಸುವ ಪದ. ಯಾಕೆ ಬೇಕು ಅಂತ ಮೊದಲು ಹೇಳಿಬಿಡುತ್ತೇನೆ.

ನನಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರ್ ಬಳಸುವುದೆಲ್ಲ ಕಿವಿಯಲ್ಲೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಆ ನೆಪದಲ್ಲಿ ನಮ್ಮ ಕಚೇರಿಯಲ್ಲಿ ಹಳೆಯ ಮಶೀನುಗಳನ್ನೆಲ್ಲ ಎತ್ತಿಸಿ ಹೊಸವನ್ನು ತಂದಿಟ್ಟರು. ಸೋಮವಾರ ಬೆಳಿಗ್ಗೆ ಹೋಗಿ ಸ್ವಿಚ್ ಒತ್ತಿದೆ. ಫ್ಯಾನ್ ತಿರುಗುವ ಸದ್ದು ಬಂತು, ಅಷ್ಟೇ. ಮಾತೇ ಇಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಅನ್ನುತ್ತಾರೆ. ನಾನು ವರ್ಷಗಟ್ಟಲೆ ಬಳಸಿದ ಸ್ಕ್ರೀನ್ ರೀಡರ್‌ನ ಆವೃತ್ತಿ ಹೊಸ ವಿಂಡೋಸ್‌ನಲ್ಲಿ ಓಡುವುದಿಲ್ಲವಂತೆ. ಕಂಪ್ಯೂಟರ್ ಹುಡುಗ ಬಂದು ಹೇಳಿದ್ದು ಇಷ್ಟು: “ಸಾರ್, ಕಂಪ್ಯಾಟಿಬಲ್ ಇಲ್ಲ. ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೊಳ್ಳಿ.”

ಕಂಟ್ರೋಲ್, ವಿಂಡೋಸ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ ವಿಂಡೋಸ್‌ನೊಳಗೇ ಇರುವ ಸ್ಕ್ರೀನ್ ರೀಡರ್ ನರೇಟರನ್ನು ಎಬ್ಬಿಸಿದೆ. ಅದರ ಸಹಾಯದಿಂದ ಪೆನ್‌ಡ್ರೈವ್‌ನಲ್ಲಿದ್ದ ಎನ್‌ವಿಡಿಎ ಅನ್ನುವ ಇನ್ನೊಂದು ಸ್ಕ್ರೀನ್ ರೀಡರ್ ಶುರು ಮಾಡಿಕೊಂಡೆ. ಎನ್‌ವಿಡಿಎಗೆ ದುಡ್ಡು ಕೊಡಬೇಕಿಲ್ಲ, ಇನ್‌ಸ್ಟಾಲ್ ಮಾಡದೆಯೂ ಓಡುತ್ತದೆ. ಜೇಬಲ್ಲಿ ಒಂದು ಪ್ರತಿ ಇಟ್ಟುಕೊಂಡಿರುವುದು ನಮ್ಮಂಥವರಿಗೆ ಮನೆಯ ಇನ್ನೊಂದು ಬೀಗದಕೈ ಇದ್ದ ಹಾಗೆ.

ಇದೇ ಪಾಡು ಪಡುತ್ತಿರುವ ಗೆಳೆಯರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಎರಡನೇ ಪುಟದಲ್ಲೇ ಸಿಕ್ಕಿಹಾಕಿಕೊಂಡೆ.

ಕಂಪ್ಯಾಟಿಬಲ್‌ಗೆ ಎಲ್ಲ ಕಡೆ ಕಾಣುವುದು ‘ಹೊಂದಾಣಿಕೆ’. “ಈ ತಂತ್ರಾಂಶ ನಿಮ್ಮ ಸಾಧನಕ್ಕೆ ಹೊಂದಾಣಿಕೆಯಾಗುವುದಿಲ್ಲ.” ನನಗೆ ಈ ಪದ ಯಾಕೋ ಹಿಡಿಸುವುದಿಲ್ಲ. ಪೇಪರಿನಲ್ಲಿ ಸೀಟು ಹೊಂದಾಣಿಕೆ ಇದೆ. ಗಂಡ ಹೆಂಡತಿ ಹೊಂದಾಣಿಕೆ ಮಾಡಿಕೊಂಡು ಹೋಗಬೇಕು ಅನ್ನುತ್ತಾರೆ. ಎರಡರಲ್ಲೂ ಯಾರೋ ಒಬ್ಬರು ಏನನ್ನೋ ಬಿಟ್ಟುಕೊಡುತ್ತಾರೆ. ಸಾಮಾನ್ಯವಾಗಿ ಬಿಟ್ಟುಕೊಡುವವರು ಯಾರು ಅಂತ ನಿಮಗೂ ಗೊತ್ತು. ಆ ಹುಡುಗ ಬಾಯಿತಪ್ಪಿ ಹೇಳಿದ್ದು ಪದಕೋಶದ ಅರ್ಥವನ್ನೇ: ತಂತ್ರಾಂಶ ಹೊಂದದಿದ್ದರೆ ನಾನು ಹೊಂದಿಕೊಳ್ಳಬೇಕು.

ಗೆಳೆಯರೊಬ್ಬರು ‘ಸಾಲಾವಳಿ’ ಅಂತ ಸೂಚಿಸಿದರು. “ವಿಂಡೋಸ್‌ಗೂ ನಿನ್ನ ತಂತ್ರಾಂಶಕ್ಕೂ ಸಾಲಾವಳಿ ಕೂಡಿಬರಲಿಲ್ಲ ಕಣೋ.” ಚೆನ್ನಾಗಿದೆ, ಅಲ್ವಾ? ಅರ್ಥವೂ ಸರಿಯಾಗಿದೆ. ಆದರೆ ಕೈಪಿಡಿಯಲ್ಲಿ ಹಾಕಿದರೆ ಜನ ನಗುತ್ತಾ ಕೂರುತ್ತಾರೆ.

ನನ್ನ ಆಯ್ಕೆ ‘ಒಗ್ಗು’. ಊರಿನ ನೀರು ಒಗ್ಗಲಿಲ್ಲ, ಆ ಮಾತ್ರೆ ನನ್ನ ಮೈಗೆ ಒಗ್ಗುವುದಿಲ್ಲ, ಹೀಗೆ ದಿನಾ ಹೇಳುತ್ತೇವೆ. ನೀರಿನಲ್ಲಿ ದೋಷವಿಲ್ಲ, ಮೈಯಲ್ಲೂ ಇಲ್ಲ. ಎರಡೂ ಸೇರಿದಾಗ ಕೂಡಿಬರುವುದಿಲ್ಲ, ಅಷ್ಟೇ. ಕಂಪ್ಯಾಟಿಬಲ್ ಅಂದರೆ ಇದೇ ಅಲ್ಲವೇ? ಎನ್‌ವಿಡಿಎಯಲ್ಲಿ ಇದು ವರ್ಷವರ್ಷವೂ ಎದುರಾಗುತ್ತದೆ. 2024.1, 2025.1 ಹೀಗೆ ವರ್ಷದ ಮೊದಲ ಆವೃತ್ತಿ ಬಂದಾಗ, ಅದಕ್ಕೆ ಹೆಚ್ಚಿನ ಸೌಲಭ್ಯ ಸೇರಿಸುವ ಸಣ್ಣ ತಂತ್ರಾಂಶಗಳು, ಅಂದರೆ ಹಳೆಯ ಆಡ್‌ಆನ್‌ಗಳು ನಿಂತುಬಿಡುತ್ತವೆ. ಹೊಸದರ ಜೊತೆ ಓಡಿಸಿ ನೋಡಿದ್ದೇವೆ ಅಂತ ಆ ಆಡ್‌ಆನ್ ಮಾಡಿದವರು ನಮೂದಿಸುವ ತನಕ ಎನ್‌ವಿಡಿಎ ಅವನ್ನು ತಾನಾಗಿ ಚಾಲೂ ಮಾಡುವುದಿಲ್ಲ. ಆ ಪಟ್ಟಿಗೆ “ಒಗ್ಗದ ಆಡ್‌ಆನ್‌ಗಳು” ಅಂತ ಹೆಸರು ಕೊಟ್ಟೆ. ಓದಿಸಿ ಕೇಳಿದೆ. ನಾನು ಮಾತಿನ ವೇಗ ಜಾಸ್ತಿ ಇಟ್ಟುಕೊಳ್ಳುತ್ತೇನೆ. ಮೊದಲ ಸಲ “ಹಗ್ಗದ ಆಡ್‌ಆನ್‌ಗಳು” ಅಂತ ಕೇಳಿಸಿತು! ಎರಡನೇ ಸಲ ಸರಿಯಾಗಿ ಕೇಳಿಸಿತು.

ತೊಡಕು ಇರುವುದು ಬೇರೆ ಕಡೆ. ‘ಒಗ್ಗು’ವಿಗೆ ‘ಕೊಳ್ಳು’ ಸೇರಿತೋ, ಭಾರ ಮತ್ತೆ ಮನುಷ್ಯನ ಮೇಲೆ ಬೀಳುತ್ತದೆ. “ಪಟ್ಟಣಕ್ಕೆ ಒಗ್ಗಿಕೊಂಡ” ಅಂದರೆ ಬದಲಾದವನು ಅವನು, ಪಟ್ಟಣ ಅಲ್ಲ. ಹಾಗಾಗಿ ನಾನು ‘ಒಗ್ಗಿಕೊಳ್ಳು’ ಬಿಟ್ಟು ಬರೀ ‘ಒಗ್ಗು’ ಇಟ್ಟುಕೊಂಡಿದ್ದೇನೆ. ಇನ್ನು ನಾಮಪದ? ‘ಒಗ್ಗುವಿಕೆ’ ಸರಕಾರಿ ಕನ್ನಡದ ಹಾಗಿದೆ. ‘ಒಗ್ಗಿಕೆ’ ಬರೆಯಬಹುದೇ?

ಆಕ್ಸೆಸಿಬಲ್ ಇನ್ನೂ ಕಷ್ಟ. ‘ಪ್ರವೇಶಿಸುವಿಕೆ’ ಅಂತ ಫೋನೊಂದರ ಸೆಟ್ಟಿಂಗ್ಸ್‌ನಲ್ಲಿ ಕೇಳಿದ್ದೆ. ಗೃಹಪ್ರವೇಶ, ಕಾಲೇಜು ಪ್ರವೇಶ, “ಅನುಮತಿಯಿಲ್ಲದೆ ಪ್ರವೇಶವಿಲ್ಲ”. ಅಕ್ಷರ ದೊಡ್ಡದು ಮಾಡುವ ಸೌಲಭ್ಯ ಆ ಹೆಸರಿನ ಕೆಳಗೆ ಇರಬಹುದು ಅಂತ ಯಾರಿಗೆ ಹೊಳೆಯುತ್ತದೆ? 2015ರ ಡಿಸೆಂಬರ್ 3ರಂದು ಕೇಂದ್ರ ಸರಕಾರ ಸುಗಮ್ಯ ಭಾರತ ಅಭಿಯಾನ ಶುರುಮಾಡಿದ ಮೇಲೆ ‘ಸುಗಮ್ಯ’ ಕೂಡ ಓಡಾಡುತ್ತಿದೆ. ನಮ್ಮ ಕಿವಿಗೆ ಅದು ಸುಗಮ ಸಂಗೀತ. ‘ಕೈಗೆಟಕುವ’ ಒಳ್ಳೆಯ ಪದವಾಗಿತ್ತು, ಅಂಗಡಿಯವರು ಬೆಲೆಗೆ ಕಟ್ಟಿಹಾಕಿಬಿಟ್ಟರು.

ಒಂದು ಪ್ರಸಂಗ ಹೇಳುತ್ತೇನೆ. ಹೊಸ ಮಶೀನಿನಲ್ಲಿ ಹಳೆಯ ಸುತ್ತೋಲೆಯ ಫೈಲೊಂದನ್ನು ತೆರೆದೆ. ಏನೂ ತಕರಾರಿಲ್ಲದೆ ತೆರೆಯಿತು. ಪಕ್ಕದಲ್ಲಿದ್ದವರು “ಚೆನ್ನಾಗಿ ಕಾಣ್ತಿದೆ, ಶುದ್ಧ ಕನ್ನಡ” ಅಂದರು. ನಾನು ಬಾಣದ ಕೀಲಿ ಒತ್ತಿ ಒಂದೊಂದೇ ಅಕ್ಷರ ಕೇಳಿದೆ: ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್, ಶಾರ್ಪ್ ಎಸ್, ಕ್ಯೂ, ಎ ಗ್ರೇವ್. ಅದು ‘ಕನ್ನಡ’ ಅನ್ನುವ ಪದ! ಯೂನಿಕೋಡ್‌ಗೆ (ಕನ್ನಡದ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ವ್ಯವಸ್ಥೆ) ಮುಂಚಿನ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದವರಿಗೆ ಈ ಕಥೆ ಗೊತ್ತು. ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು, ಫಾಂಟು ಅವಕ್ಕೆ ಕನ್ನಡದ ವೇಷ ಹಾಕುತ್ತದೆ. ಕಣ್ಣಿಗೆ ವೇಷ ಸಾಕು. ಸ್ಕ್ರೀನ್ ರೀಡರ್ ನೋಡುವುದು ಒಳಗಿನದ್ದನ್ನು.

ಅಂದರೆ ಫೈಲು ಹೊಸ ವಿಂಡೋಸ್‌ಗೆ ಒಗ್ಗಿತು, ನನಗೆ ಸಿಕ್ಕಿತು ಕೂಡ. ಆದರೆ ದಕ್ಕಲಿಲ್ಲ. ಈ ಮಾತು ಬಾಯಿಗೆ ಬಂದಾಗಲೇ ‘ದಕ್ಕು’ ಹೊಳೆದದ್ದು. ಹೊಲ ಮಾಡಿದರೂ ದಕ್ಕಲಿಲ್ಲ, ತಿಂದದ್ದು ದಕ್ಕಲಿಲ್ಲ ಅನ್ನುತ್ತೇವಲ್ಲ, ಹಾಗೆ. ಕೈಗೆ ಬರುವುದು ಬೇರೆ, ನಮ್ಮದಾಗುವುದು ಬೇರೆ. “ಎಲ್ಲರಿಗೂ ದಕ್ಕುವ ಆ್ಯಪ್”, “ದಕ್ಕದ ಜಾಲತಾಣ”. ಟ್ಯಾಬ್ ಒತ್ತಿದಾಗೆಲ್ಲ ಬರೀ “ಬಟನ್, ಬಟನ್, ಬಟನ್” ಅನ್ನುವ ಪುಟಗಳಿಗೂ ಇದು ಸಲ್ಲುತ್ತದೆ. ಬಟನ್ನು ಇದೆ, ಅದಕ್ಕೆ ಹೆಸರು ಕೊಟ್ಟಿಲ್ಲ. ನನ್ನ ಅನುಮಾನ ಒಂದೇ: ‘ದಕ್ಕು’ವಿನಲ್ಲಿ ಅದೃಷ್ಟದ ವಾಸನೆ ಇದೆಯೇ? ಪುಣ್ಯವಿದ್ದರೆ ದಕ್ಕೀತು ಅನ್ನುವ ಧಾಟಿ? ಹಾಗಿದ್ದರೆ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಹಕ್ಕು ಅನ್ನುತ್ತದೆ, ಪುಣ್ಯ ಅನ್ನುವುದಿಲ್ಲ.

‘ಸ್ಕ್ರೀನ್ ರೀಡರ್’ ಅನ್ನು ಹಾಗೇ ಬಿಟ್ಟಿದ್ದೇನೆ. ‘ತೆರೆ ಓದುಗ’ ಅಂದರೆ ನನಗೆ ಯಾರೋ ಕಡಲ ತೀರದಲ್ಲಿ ಪುಸ್ತಕ ಹಿಡಿದು ಕೂತ ಹಾಗೆ ಅನ್ನಿಸುತ್ತದೆ.

ಧಾರವಾಡ, ಮಂಗಳೂರು ಕಡೆಯವರು ‘ದಕ್ಕು’ವನ್ನು ಯಾವ ಮಾತಿನಲ್ಲಿ ಬಳಸುತ್ತೀರಿ, ‘ಒಗ್ಗಿಕೆ’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ ಅಂತ ತಿಳಿಸಿ. ಒಂದು ಕೋರಿಕೆ: ಪದಕೋಶದ ಪುಟದ ಫೋಟೋ ತೆಗೆದು ಹಾಕಬೇಡಿ, ದಯವಿಟ್ಟು ಟೈಪ್ ಮಾಡಿ. ಫೋಟೋ ನನಗೆ ದಕ್ಕುವುದಿಲ್ಲ.