ಸಹಾಯ ಬೇಕು: 407 ಗಾಡಿ ಬಾಡಿಯೊಳಗೆ ಮಲಗೋಕೆ ಜಾಗ ಮಾಡಬೇಕು

ಅಣ್ಣಂದಿರೇ, ನನ್ನದು ಟಾಟಾ 407 ಸಣ್ಣ ಲಾರಿ, ಕ್ಲೋಸ್ಡ್ ಬಾಡಿ, ಹುಬ್ಬಳ್ಳಿ-ಪುಣೆ ಲೈನು. ಕ್ಯಾಬಿನ್‌ನಲ್ಲಿ ಮುದುರಿಕೊಂಡು ಮಲಗಿ ಸೊಂಟ ಹಿಡಿದುಹೋಗಿದೆ. ಬಾಡಿಯ ಮುಂದುಗಡೆ ಎರಡೂವರೆ ಅಡಿ ಬಿಟ್ಟು 12 ಎಂಎಂ ಪ್ಲೈವುಡ್‌ನಿಂದ ಪಾರ್ಟಿಷನ್ ಮಾಡಿಸಿ, ಒಳಗೆ ಅಡ್ಡಡ್ಡ ಹಲಗೆ ಹಾಕಿಸೋಣ ಅಂತಿದ್ದೇನೆ. ಗಾಡಿ ನಿಲ್ಲಿಸಿದಾಗ ಮಲಗೋಕೆ ಮಾತ್ರ, ಓಡುವಾಗ ಅಲ್ಲ.

ಹಿಂದಿನ ಬಾಗಿಲಿನ ಚಿಲಕ ಹೊರಗಿನಿಂದ ಮಾತ್ರ ತೆಗೆಯೋಕೆ ಬರುತ್ತದೆ, ಯಾರಾದರೂ ಸುಮ್ನೆ ಎಳೆದು ಹಾಕಿಬಿಟ್ಟರೆ ಕಥೆ ಮುಗೀತು, ಅಲ್ವಾ? ಅದಕ್ಕೇ ಪಕ್ಕದಲ್ಲಿ ಒಳಗಿನಿಂದ ತೆರೆಯೋ ಸಣ್ಣ ಬಾಗಿಲು ಬೇಕು. ಗಾಳಿಗೆ ಎರಡೂ ಕಡೆ ಜಾಲರಿ ಕಿಂಡಿ ಸಾಕಾ? ಸೈಲೆನ್ಸರ್ ಹೊಗೆ ಒಳಗೆ ಬರಬಾರದು. ತಗಡು ಬಿಸಿಲಿಗೆ ಕಾಯುತ್ತೆ, ಅದಕ್ಕೆ ಥರ್ಮಾಕೋಲ್ ಹಾಕು ಅಂತಾರೆ, ಬೆಂಕಿ ಬಿದ್ದರೆ? ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ, ಬೆಂಕಿ ಹಿಡಿಯದ ಉಣ್ಣೆಯಂಥ ಹೊದಿಕೆ) ಹಾಕಿಸಿದವರು ಇದ್ದೀರಾ?

ಇನ್ನೊಂದು, ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 (ಗಾಡಿಯಲ್ಲಿ ಮಾರ್ಪಾಡು ಮಾಡೋದರ ಬಗ್ಗೆ) ಇದೆಯಲ್ಲ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವಾಗ ಇದಕ್ಕೆ ಕಿರಿಕ್ ಆಗುತ್ತಾ? ಮಾಡಿಸಿದವರು ಫೋಟೋ ಹಾಕಿ.